ಆರನೆಯ ಡಿಸ್ಕ್

ಮಾರ್ಚ್ 4, 2019, ಸೋಮವಾರ

ಬೆಳಗಿನಿಂದ ಬೀಪ್, ಬೀಪ್. ನಿನ್ನೆಯದೂ ಸೇರಿ ನೂರಾ ಹದಿನೆಂಟು ಆಯಿತು. ಹಳೆಯ ಡಿವಿಡಿ, ಸಿಡಿ ಕೊಳ್ಳುವ ಕಂಪನಿಯ ಆ್ಯಪ್ ತೆರೆದು ಫೋನನ್ನು ಡಬ್ಬಿಯ ಬೆನ್ನಿನ ಬಾರ್‌ಕೋಡಿಗೆ ಹಿಡಿದರೆ ಸಾಕು, ಎಷ್ಟಕ್ಕೆ ಕೊಳ್ಳುತ್ತಾರೆ ಅಂತ ಬರುತ್ತದೆ. ನನ್ನ ಯುದ್ಧದ ಸಿನಿಮಾಗಳಿಗೆಲ್ಲ ಒಂಬತ್ತು ಪೆನ್ಸ್, ಹನ್ನೊಂದು ಪೆನ್ಸ್. ಲೊರೇನ್‌ಳ ಹಳೆಯ ಜಾಸ್ ಸಿಡಿ ಒಂದಕ್ಕೆ ಎರಡು ಪೌಂಡ್! ಆಗಿನಿಂದ ನೆಲದ ಮೇಲೆ ನಡೆಯುತ್ತಿಲ್ಲ ನನ್ನ ಹೆಂಡತಿ.

ಇವೆಲ್ಲ ತುಂಬಿರುವ ಸಣ್ಣ ಕೋಣೆ ಅವಳ ಹೊಲಿಗೆ ಯಂತ್ರಕ್ಕೆ ಬೇಕಂತೆ. ಬೇಡ ಅನ್ನಲು ನನಗೂ ಬಾಯಿಲ್ಲ. ಡಿವಿಡಿ ಪ್ಲೇಯರನ್ನೇ ಚಾರಿಟಿ ಅಂಗಡಿಗೆ ಕೊಟ್ಟು ಮೂರು ವರ್ಷವಾಯಿತು.

ಆ್ಯಪಿನಲ್ಲಿ ಇದ್ದ ಸೂಚನೆಯನ್ನು ಲೊರೇನ್ ಗಟ್ಟಿಯಾಗಿ ಓದಿದಳು. ಪ್ರತಿ ಡಬ್ಬಿ ತೆರೆಯಿರಿ, ಒಳಗೆ ಅದೇ ಡಿಸ್ಕ್ ಇದೆಯೇ ನೋಡಿ.

“ಕೇಳಿಸ್ತಾ ಕ್ಲೈವ್? ಒಂದು ಡಿಸ್ಕ್ ತೆಗ್ದು ಕೈಗೆ ಸಿಕ್ಕಿದ್ ಡಬ್ಬಿಗೆ ತುರ್ಕೋ ಗಿರಾಕಿ ನೀನು.”

“ಮೂವತ್ತೊಂದು ವರ್ಷ ಬಸ್ ಓಡ್ಸಿದೀನಿ. ಒಂದು ದಿನ ಲೇಟಾಗಿಲ್ಲ.”

“ಬಸ್ಸಿಗೂ ಡಬ್ಬಿಗೂ ಏನು ಸಂಬಂಧ ಮಾರಾಯಾ?”

ತೆರೆಯಲಿಲ್ಲ. ನೂರಾ ಹದಿನೆಂಟು ಡಬ್ಬಿ ತೆರೆಯಲು ಯಾರು ಕೂರುತ್ತಾರೆ.

ಮಾರ್ಚ್ 6, ಬುಧವಾರ

ಡಬ್ಬಿಗಳನ್ನೆಲ್ಲ ತುಂಬಲು ಆಲೂಗಡ್ಡೆ ಚಿಪ್ಸಿನ ಎರಡು ಖಾಲಿ ರಟ್ಟಿನ ಪೆಟ್ಟಿಗೆ. ಟೇಪ್ ಸುತ್ತಿ, ಚೀಟಿ ಅಂಟಿಸಿ, ಕಂಪನಿಗೆ ಕಳಿಸಲು ಮೂಲೆಯ ಅಂಗಡಿಯಲ್ಲಿ ಕೊಟ್ಟು ಬಂದೆ. ಸೊಂಟ ಹಿಡಿದಿದೆ. ಕೋಣೆ ನೋಡಿದರೆ ಖುಷಿ. ಅಷ್ಟು ದೊಡ್ಡ ಕಿಟಕಿ ಇದೆ ಅಂತಲೇ ಮರೆತುಹೋಗಿತ್ತು.

ಮಾರ್ಚ್ 9, ಶನಿವಾರ

ತೋಟಕ್ಕೆ ಹೋಗಿದ್ದೆ. ಗ್ರಿಮ್ಸ್‌ಬಿಯ ಕಡಲ ಗಾಳಿ, ಕಿವಿ ಕಿತ್ತು ಬರುವಂಥದ್ದು. ಊರಿನ ಕೌನ್ಸಿಲ್ ಬಾಡಿಗೆಗೆ ಕೊಡುವ ಈ ತುಂಡು ನೆಲದಲ್ಲಿ ನನ್ನದು ಹದಿನೈದನೆಯ ನಂಬರು, ಮಾಲ್ಕಮ್ ಪ್ರಾಯರ್‌ನದು ಹದಿನಾಲ್ಕು. ನಡುವೆ ಒಂದು ಸಾಲು ಕೋಲು, ಬೇಸಿಗೆಯಲ್ಲಿ ಅವರೆಬಳ್ಳಿ ಹಬ್ಬುತ್ತದೆ. ಈಗ ಬಳ್ಳಿ ಇಲ್ಲ. ಹಾಗಾಗಿ ಅವನ ಮುಖ ನೋಡಲೇಬೇಕು. ಅವನು ಈರುಳ್ಳಿ ನೆಡುತ್ತಿದ್ದ. ತಲೆ ಎತ್ತಲಿಲ್ಲ. ನಾನೂ ಕೆಮ್ಮಲಿಲ್ಲ.

ಒಂಬತ್ತು ವರ್ಷ ಹೀಗೇ. ಅದಕ್ಕೂ ಮೊದಲು ಒಂದೇ ಫ್ಲಾಸ್ಕಿನ ಟೀ ಕುಡಿದವರು.

ಆ ವರ್ಷ ಅವನ ಹೆಂಡತಿ ಜಾನೆಟ್‌ಗೆ ಕಾಯಿಲೆ ಜೋರಾಗಿತ್ತು. ಮಲಗಿದಲ್ಲೇ ನೋಡಲಿ ಅಂತ ‘ಗ್ರೇಲಿಂಗ್ ಕೋವ್’ ಪತ್ತೇದಾರಿ ಧಾರಾವಾಹಿ ತಂದಿದ್ದ. ಒಂದು ಪೆಟ್ಟಿಗೆ, ಆರು ಡಿಸ್ಕ್. ಅವರು ಒಂದು ಡಿಸ್ಕ್ ನೋಡುವಾಗ ನಾವು ಇನ್ನೊಂದು. ಅವಳಿಗೆ ಆಸ್ಪತ್ರೆ ಓಡಾಟ, ನಾವೇ ಮೊದಲು ಮುಗಿಸಿದೆವು. ನಮ್ಮಲ್ಲಿದ್ದದ್ದನ್ನೆಲ್ಲ ಹಿಂತಿರುಗಿಸಿದೆ. ಮರುದಿನ ಮಾಲ್ಕಮ್ ಬಂದ, ಆರನೆಯದು ಇಲ್ಲ ಅಂದ. ನನ್ನ ಕೈಯಾರೆ ಇಟ್ಟಿದೀನಿ ಅಂದೆ. ಇಲ್ಲ ಅಂದ. ಇದೆ ಅಂದೆ. ಬಾಗಿಲಲ್ಲೇ ಮಾತು ಏರಿತು.

ಕೊನೆಗೆ ಅವನು ದನಿ ಇಳಿಸಿ ಕೇಳಿದ. “ಹೋಗ್ಲಿ ಬಿಡು. ಕೊಲೆ ಮಾಡ್ದೋನು ಯಾರು ಅಂತಾದ್ರೂ ಹೇಳು. ಅವಳಿಗೆ ಹೇಳ್ತೀನಿ.”

“ಡಿಸ್ಕ್ ನಿನ್ ಮನೇಲೇ ಇದೆ. ಹುಡುಕಿ ನೋಡ್ಕೋ ಹೋಗು” ಅಂದೆ.

ಒಂಬತ್ತನೆಯ ದಿನ ಜಾನೆಟ್ ಹೋದಳು. ಅಂತ್ಯಕ್ರಿಯೆಯಲ್ಲಿ ಕೈ ಚಾಚಿದೆ, ಅವನು ಹಿಡಿಯಲಿಲ್ಲ.

ಇದನ್ನೆಲ್ಲ ಇವತ್ತು ಯಾಕೆ ಬರೆದೆನೋ. ಕೋಣೆ ಖಾಲಿ ಮಾಡಿದ್ದಕ್ಕಿರಬೇಕು. ಡಿಸ್ಕ್ ಇಟ್ಟಿದ್ದು ಮಾತ್ರ ನಿಜ. ಸುಳ್ಳ ಅನ್ನಿಸಿಕೊಂಡದ್ದು ಇನ್ನೂ ಉರಿಯುತ್ತದೆ.

ಮಾರ್ಚ್ 14, ಗುರುವಾರ, ಬೆಳಿಗ್ಗೆ 11

ಬರೆಯಲು ನಾಚಿಕೆ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಕಂಪನಿಯ ಇಮೇಲ್ ಬಂತು. ನೂರಾ ಹದಿನೇಳು ಒಪ್ಪಿದ್ದಾರೆ. ಒಂದು ತಿರಸ್ಕಾರ — ಕ್ರಿಸ್ಮಸ್ ಹಾಡುಗಳ ಡಿವಿಡಿ. ಕಾರಣ: ಒಳಗೆ ತಪ್ಪು ಡಿಸ್ಕ್. ಹದಿನಾಲ್ಕು ಪೆನ್ಸಿನ ಮಾತು. ಬಿಟ್ಟುಬಿಡಬಹುದಿತ್ತು. ಆದರೆ ‘ತಪ್ಪು ಡಿಸ್ಕ್’ ಅಂತ ಓದಿದ್ದೇ ಮೈ ಎಲ್ಲ ಉರಿಯಿತು. ಇವರೂ ನನ್ನನ್ನು ಮೋಸಗಾರ ಅನ್ನುತ್ತಾರಲ್ಲ! ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಅದೇ ಸಂಗೀತ. ಆಮೇಲೆ ಒಬ್ಬ ಹುಡುಗಿ.

“ಸಫೂರಾ ಮಾತಾಡ್ತಿದೀನಿ. ಏನ್ ಸಹಾಯ ಬೇಕು ಸರ್?”

“ಸಹಾಯ ಅಲ್ಲ, ನ್ಯಾಯ ಬೇಕು. ನಾನು ಡಿಸ್ಕ್ ಅದಲು ಬದಲು ಮಾಡೋ ಪೈಕಿ ಅಲ್ಲ ಕಣಮ್ಮಾ. ಒಂದ್ಸಲ ಇಟ್ಟೆ ಅಂದ್ರೆ ಇಟ್ಟೆ.”

“ನೋಡ್ತೀನಿ ಸರ್, ಒಂದ್ನಿಮಿಷ... ಹಾಂ, ಬರ್ದಿದಾರೆ. ಹಾಡಿನ ಡಬ್ಬಿ ಒಳಗೆ ಬೇರೆ ಡಿಸ್ಕ್ ಇತ್ತಂತೆ. ‘ಗ್ರೇಲಿಂಗ್ ಕೋವ್’. ಡಿಸ್ಕ್ ಆರು.”

ನನ್ನ ಕಣ್ಣು ಖಾಲಿ ಕೋಣೆಯ ಕಡೆ ಹೋಯಿತು.

“ಸರ್? ಲೈನಲ್ಲಿದೀರಾ?”

ಫೋನ್ ಇಟ್ಟುಬಿಟ್ಟೆ.

ಅದೇ ದಿನ, ಮಧ್ಯಾಹ್ನ 1

ಲೊರೇನ್‌ಗೆ ಹೇಳಿದೆ. ಸೂಜಿಗೆ ದಾರ ಪೋಣಿಸುತ್ತಿದ್ದವಳು ಹಾಗೇ ನಿಲ್ಲಿಸಿದಳು. ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಕೂಗಿದ್ದರೆ ಚೆನ್ನಾಗಿತ್ತು.

“ಆವತ್ತೇ ಹೇಳ್ದೆ. ನಮ್ಮನೇಲೂ ಒಂದ್ಸಲ ಹುಡುಕು ಅಂತ. ಹುಡುಕ್ದೆಯಾ?”

ಹುಡುಕಿರಲಿಲ್ಲ. ಹುಡುಕಿದರೆ ಅನುಮಾನ ಬಂದಿದೆ ಅಂತಾಗುತ್ತದಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಹೆಗಲೂ ಮುಟ್ಟಿಕೊಳ್ಳಲಿಲ್ಲ, ಅಷ್ಟು ಗರ್ವ. ಹಾಡಿನ ಡಿಸ್ಕ್ ಪ್ಲೇಯರಿನೊಳಗೇ ಇದ್ದಿರಬೇಕು, ಅದನ್ನು ತೆಗೆದು ಇದನ್ನು ಹಾಕಿ, ನೋಡಿ ಮುಗಿಸಿ, ಕೈಗೆ ಸಿಕ್ಕ ಡಬ್ಬಿಗೆ... ಲೊರೇನ್ ಹೇಳುವುದು ಅಕ್ಷರಶಃ ನಿಜ.

“ಈಗ ಆ ಡಿಸ್ಕ್ ಎಲ್ಲಿದೆ?” ಅಂದಳು.

ಆಗ ಹೊಳೆಯಿತು. ನಿಯಮ ಓದಿದೆ. ತಿರಸ್ಕರಿಸಿದ ವಸ್ತು ಹಿಂತಿರುಗಿಸುವುದಿಲ್ಲ. ಪುಡಿ ಮಾಡಲು ಹೋಗುತ್ತದೆ.

ಮಾರ್ಚ್ 15, ಶುಕ್ರವಾರ

ಕಂಪನಿಯ ಕಚೇರಿ ತೆರೆಯುವ ಹೊತ್ತಿಗೇ ಫೋನ್ ಮಾಡಿದೆ. ಮೊದಲು ಯಾರೋ ಗಂಡಸು, ಆಗಲ್ಲ ಅಂದ. ಮತ್ತೆ ಮಾಡಿದೆ. ಇನ್ನೊಬ್ಬಳು, ಆಗಲ್ಲ. ನಾಲ್ಕನೆಯ ಸಲ ಸಫೂರಾ ಸಿಕ್ಕಳು.

“ನಿನ್ನೆ ಜಗಳ ಆಡಿದ್ ಸರ್ ತಾನೇ ನೀವು?”

“ಹೌದಮ್ಮಾ. ತಪ್ಪು ನಂದೇ. ಆ ಡಿಸ್ಕ್ ನಂಗೆ ವಾಪಸ್ ಬೇಕು.”

“ವಾಪಸ್ ಕಳ್ಸೋ ಹಾಗಿಲ್ಲ ಸರ್. ಅಂಗಡೀಲಿ ಎರಡು ಪೌಂಡಿಗೆ ಇನ್ನೊಂದ್ ಸಿಗತ್ತೆ ನೋಡಿ.”

ಇನ್ನೊಂದು ಬೇಡ ಅಂದೆ. ಯಾಕೆ ಬೇಡ ಅಂತ ಹೇಳಿದೆ. ಎಲ್ಲ ಹೇಳಿದೆ. ಜಾನೆಟ್, ಒಂಬತ್ತು ದಿನ, ಬಾಗಿಲಲ್ಲಿ ಅವನು ಕೇಳಿದ್ದು, ನಾನು ಹೇಳದೇ ಹೋದದ್ದು. ಪಾದ್ರಿಯ ಮುಂದೂ ಹೀಗೆ ಬಾಯಿ ಬಿಟ್ಟವನಲ್ಲ ನಾನು. ಅಂಗಡಿಯದನ್ನು ಕೊಟ್ಟರೆ ಅದು ಇನ್ನೊಂದು ಸುಳ್ಳು. ಅವನ ಡಿಸ್ಕೇ ಅವನ ಕೈಗೆ ಹೋಗಬೇಕು.



“ಅಲ್ಲಾ ಸರ್, ಯಾರು ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮ್ಗೆ?”

“ಧಿಮಾಕು” ಅಂದೆ.

“ಮಂಗಳವಾರ ಲಾರಿ ಬರತ್ತೆ. ಅಷ್ಟರೊಳಗೆ ಕೆಳಗಡೆ ರಾಶೀಲಿ ಇದ್ರೆ ನೋಡ್ತೀನಿ. ಮಾತು ಕೊಡಲ್ಲ. ಸಾವಿರಗಟ್ಲೆ ಇರ್ತವೆ.”

ಮಾರ್ಚ್ 19, ಮಂಗಳವಾರ

ಲಾರಿ ಬರುವ ದಿನ. ಫೋನ್ ಇಲ್ಲ. ಊಟ ಸೇರಲಿಲ್ಲ.

ಮಾರ್ಚ್ 22, ಶುಕ್ರವಾರ

ಏನೂ ಇಲ್ಲ. ತೋಟಕ್ಕೆ ಹೋಗಲಿಲ್ಲ. ಅವನ ಮುಖ ಹೇಗೆ ನೋಡಲಿ. ಮೊದಲು ಅವನು ನೋಡಲ್ಲ ಅಂತ ಕೋಪ, ಈಗ ಎಲ್ಲಿ ನೋಡಿಬಿಡುತ್ತಾನೋ ಅಂತ ಭಯ.

ಡಿಸ್ಕ್ ಬರಲಿ ಬಿಡಲಿ, ಹೋಗಿ ಹೇಳು ಅನ್ನುತ್ತಾಳೆ ಲೊರೇನ್. ಸರಿಯೇ. ಆದರೆ ಬರಿಗೈಯಲ್ಲಿ ಕಾಲು ಏಳುತ್ತಿಲ್ಲ.

ಮಾರ್ಚ್ 26, ಮಂಗಳವಾರ

ಬಂತು!! ಬಂತು ಬಂತು ಬಂತು.

ಕಂದು ಲಕೋಟೆ. ಕಂಪನಿ ಹೆಸರಿಲ್ಲ. ಒಳಗೆ ಅಡುಗೆಮನೆಯ ಕಾಗದದಲ್ಲಿ ಸುತ್ತಿದ ಡಿಸ್ಕ್. ಮೇಲೆ ಸಮುದ್ರದ ಚಿತ್ರ, 6. ಒಂದು ಚೀಟಿ: “ಲಾರಿ ಒಂದು ದಿನ ತಡ. ನಿಮ್ಮ ಪುಣ್ಯ. ದಯವಿಟ್ಟು ಇನ್ನು ಫೋನ್ ಮಾಡಬೇಡಿ. — ಸ.”

ಅಡುಗೆಮನೆಯ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಎದೆಯ ಮೇಲಿಂದ ಬಸ್ಸನ್ನೇ ಇಳಿಸಿದ ಹಾಗಾಯಿತು. ಲೊರೇನ್ ಟೀ ಮಾಡಿಕೊಟ್ಟಳು, ಎರಡು ಬಿಸ್ಕತ್ತು ಜಾಸ್ತಿ ಇಟ್ಟಳು. ಆ ಹುಡುಗಿಯ ಹೊಟ್ಟೆ ತಣ್ಣಗಿರಲಿ.

ಮಾರ್ಚ್ 30, ಶನಿವಾರ

ಹೇಳಿದೆ.

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವನನ್ನು ಕಂಡ ತಕ್ಷಣ ಎಲ್ಲ ಮರೆತುಹೋಯಿತು. ಕೋಲುಗಳ ಸಾಲಿನ ಮೇಲಿಂದ ಡಿಸ್ಕ್ ಚಾಚಿದೆ. ಸುಮ್ಮನೆ. ಮಾಲ್ಕಮ್ ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡು ತೆಗೆದುಕೊಂಡ. ಕನ್ನಡಕ ಹುಡುಕಿದ. ಓದಿದ.

“ಎಲ್ಲಿತ್ತು?”

“ಕ್ರಿಸ್ಮಸ್ ಹಾಡಿನ ಡಬ್ಬೀಲಿ.”

“ಯಾರ್ ಮನೇಲಿ?”

“ನಮ್ಮನೇಲಿ.”

“ಒಂಬತ್ತು ವರ್ಷ.”

“ಒಂಬತ್ತು ವರ್ಷ.”

ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತ. ನಾನು ನಿಂತೇ ಇದ್ದೆ.

“ಡಿಸ್ಕ್ ಹಾಳಾಗ್ಲಿ ಮಾಲ್ಕಮ್. ಯಾರು ಅಂತ ಕೇಳ್ದಾಗ ಹೇಳ್ಬೇಕಿತ್ತು ನಾನು. ಅವಳು ಕಾಯ್ತಾ ಇದ್ಳು. ಅದು ನನ್ ತಪ್ಪು.”

“ಹೂಂ. ಡಿಸ್ಕಿಗಲ್ಲ ಕಣೋ ನಂಗೆ ಸಿಟ್ಟು. ಅದಕ್ಕೇ.” ಡಿಸ್ಕನ್ನು ತಿರುಗಿಸಿ ನೋಡಿದ. “ನಾನೂ ಒಂದು ಸುಳ್ಳು ಹೇಳಿದೀನಿ. ನಿನ್ ಹೆಸ್ರಲ್ಲಿ.”

ಏನು ಅಂತ ನಾನು ಕೇಳುವ ಮೊದಲೇ ಅವನೇ ಹೇಳಿದ.

“ಆವತ್ತು ನಿಮ್ಮನೆಯಿಂದ ಹೋದ್ನಲ್ಲ. ಬರಿಗೈಲಿ ಹೋದ್ರೆ ಅವಳ ಮುಖ ಹೇಗ್ ನೋಡೋದು? ‘ಕ್ಲೈವ್ ಹೇಳ್ದ ಕಣೇ, ಪಾದ್ರಿನೇ ಕೊಲೆಗಾರ’ ಅಂದ್ಬಿಟ್ಟೆ. ನಕ್ಕಳು ನೋಡು! ಉಸಿರಾಡೋಕೆ ಆಗ್ತಿರ್ಲಿಲ್ಲ ಅವಳಿಗೆ, ಆದ್ರೂ ನಕ್ಕಳು. ‘ಕ್ಲೈವ್ ನಿನ್ ಕಿವಿಗೆ ಹೂ ಇಟ್ಟಿದಾನೆ. ದೋಣಿ ನಡೆಸೋನೇ ಮಾಡಿರೋದು. ಮೊದಲ್ನೇ ಡಿಸ್ಕಿಂದ ಬಡ್ಕೊಳ್ತಿದೀನಿ’ ಅಂದ್ಲು. ಎರಡು ದಿನ ಅದನ್ನೇ ಹೇಳ್ಕೊಂಡು ನಗ್ತಿದ್ಳು. ನರ್ಸ್‌ಗೂ ಹೇಳಿದ್ಳು.”

“ನನ್ ಮೇಲೆ ಸಿಟ್ಟು...”

“ಅವಳಿಗಾ? ಛೆ. ನಿನ್ ಮೇಲೆ ಸಿಟ್ಟಾಗೋಕೆ ಅವಳಿಗೆಲ್ಲಿ ಪುರುಸೊತ್ತು. ಆ ಕೆಲ್ಸ ನಾನು ನೋಡ್ಕೊಂಡೆ.”

ನಾನು ಅಳುವವನಲ್ಲ. ಅತ್ತೆ. ಮೂಗು ಒರೆಸಲು ಕರವಸ್ತ್ರ ಸಿಗದೆ ತೋಟದ ಕೈಗವಸಿನಿಂದಲೇ ಒರೆಸಿಕೊಂಡೆ, ಮುಖವೆಲ್ಲ ಮಣ್ಣು. ಮಾಲ್ಕಮ್ ಅದನ್ನು ನೋಡಿ ನಕ್ಕ.

“ಸರಿ, ಈಗಾದ್ರೂ ಬೊಗಳು. ದೋಣಿಯವನೇನಾ?”

“ಮರ್ತೋಗಿದೆ ಕಣೋ. ದೇವರಾಣೆ.”

“ಒಂಬತ್ತು ವರ್ಷ ಹೊಟ್ಟೇಲಿ ಇಟ್ಕೊಂಡು, ಈಗ ಮರ್ತೋಯ್ತಂತೆ! ಥೂ ನಿನ್ನ.”

“ನೀನು ಯಾಕೆ ನೋಡ್ಲಿಲ್ಲ? ಟೀವೀಲಿ ಮತ್ತೆ ಬಂದಿತ್ತಲ್ಲ.”

ಮಾಲ್ಕಮ್ ಡಿಸ್ಕಿನ ಅಂಚನ್ನು ಅಂಗಿಗೆ ಒರೆಸಿದ. “ಎರಡು ಸಲ ಬಂತು. ಎರಡು ಸಲಾನೂ ಆರಿಸ್ಬಿಟ್ಟೆ. ಅವಳು ಹೇಳಿದ್ದು ತಪ್ಪಾಗಿದ್ರೆ ಅಂತ.”

ಫ್ಲಾಸ್ಕ್ ತೆರೆದ. ಮುಚ್ಚಳದಲ್ಲಿ ಟೀ ಸುರಿದು ಕೋಲುಗಳ ಮೇಲಿಂದ ಚಾಚಿದ. ಸಕ್ಕರೆ ಜಾಸ್ತಿ. ಯಾವತ್ತೂ ಜಾಸ್ತಿಯೇ ಹಾಕುತ್ತಾನೆ.

ಏಪ್ರಿಲ್ 7, ಭಾನುವಾರ, ಮಧ್ಯಾಹ್ನ 3.40

ಅಡುಗೆಮನೆಯಲ್ಲಿ ನಿಂತು ಬರೆಯುತ್ತಿದ್ದೇನೆ. ಕೆಟಲ್ ಕುದಿಯುವಷ್ಟು ಸಮಯ.

ಮಾಲ್ಕಮ್ ಊಟಕ್ಕೆ ಬಂದ. ಕಂಕುಳಲ್ಲಿ ಟವೆಲ್ ಸುತ್ತಿದ ಡಿವಿಡಿ ಪ್ಲೇಯರು, ಇನ್ನೊಂದು ಕೈಯಲ್ಲಿ ತೋಟದ ಒಂದು ಕಂತೆ ರೂಬಾರ್ಬ್ ದಂಟು. ಲೊರೇನ್ ಅವನನ್ನು ತಬ್ಬಿಕೊಂಡು ಬಿಡಲೇ ಇಲ್ಲ. ಹುರಿದ ಹಂದಿಮಾಂಸ ಎರಡು ಸಲ ಹಾಕಿಸಿಕೊಂಡ. ‘ಗ್ರೇಲಿಂಗ್ ಕೋವ್’ ಪೆಟ್ಟಿಗೆಯನ್ನೂ ತಂದಿದ್ದಾನೆ, ಆರನೆಯ ಜಾಗ ಖಾಲಿ.

“ನೋಡಾದ್ಮೇಲೆ ನೀನೇ ಇಡ್ಬೇಕು ಇಲ್ಲಿ. ನನ್ ಕಣ್ಣೆದುರಿಗೆ. ಲೊರೇನ್ ಸಾಕ್ಷಿ” ಅಂದ. ಲೊರೇನ್ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಒಂದು ಕಂತು ಆಯಿತು. ಕೊನೆಯದು ಅರ್ಧ ಆಗಿದೆ. ಪತ್ತೇದಾರ ಎಲ್ಲರನ್ನೂ ಬಂದರಿನಲ್ಲಿ ಕೂಡಿಸಿದ್ದಾನೆ. ಮಾಲ್ಕಮ್ ಸೋಫಾದ ತುದಿಯಲ್ಲಿ, ಮೊಣಕಾಲುಗಳನ್ನು ಗಟ್ಟಿಯಾಗಿ ಹಿಡಿದುಕೊಂಡು. ಇದ್ದಕ್ಕಿದ್ದಂತೆ ಟೀ ಬೇಕು ಅಂದ. ಟೀ ಬೇಕಾಗಿರಲಿಲ್ಲ, ಹೆದರಿಕೆ ಅವನಿಗೆ.

ನನಗೆ ನೆನಪಾಗಿಬಿಟ್ಟಿದೆ. ಆ ಹಗ್ಗದ ಗಂಟು ತೋರಿಸಿದರಲ್ಲ, ಆಗ. ಎಲ್ಲ ನೆನಪಾಯಿತು.

ದೋಣಿಯವನೇ. ಜಾನೆಟ್ ಹೇಳಿದ್ದೇ ಸರಿ. ಮೊದಲನೆಯ ಡಿಸ್ಕಿನಿಂದ ಸರಿ.

ಬಾಯಿ ತುರಿಸುತ್ತಿದೆ. ಹೇಳಲ್ಲ. ಆವತ್ತು ಹೇಳಬೇಕಿತ್ತು, ಹೇಳಲಿಲ್ಲ. ಇವತ್ತು ಇನ್ನು ಇಪ್ಪತ್ತೇ ನಿಮಿಷ, ಅವನೇ ನೋಡಲಿ. ನಾನು ಟೀವಿ ನೋಡುವುದಿಲ್ಲ, ಅವನ ಮುಖ ನೋಡುತ್ತಾ

“ಲೋ ಕ್ಲೈವ್! ಟೀ ಸಾಯ್ಲಿ, ಬಾರೋ, ಒಬ್ನೇ ನೋಡಕ್ಕಾಗಲ್ಲ ನಂಗೆ —”

ಬಂದೆ ಬಂ