ಐದನೆಯ ಕಂಪ್ಯೂಟರಿನ ಹಟ

ಮಾರ್ಚ್ 3, ಸೋಮವಾರ

ಲೈಬ್ರರಿ ತೆರೆದೆ. ಕುರ್ಚಿಗಳು ಸಾಲಾಗಿವೆ, ಪೇಪರುಗಳ ಮಡಿಕೆ ಸರಿಯಾಗಿದೆ. ಐದು ಕಂಪ್ಯೂಟರಲ್ಲಿ ಮಾತ್ರ ಐದು ಥರದ ಚಿತ್ರ — ಕಣ್ಣಿಗೆ ಚುಚ್ಚುತ್ತೆ. ಫ್ರೀ ವಾಲ್‌ಪೇಪರ್ ಆ್ಯಪ್ ಒಂದು ಸಿಕ್ಕಿತು. ಹಾಕಿದೆ. ನಾಲ್ಕರಲ್ಲೂ ಒಂದೇ ಸರೋವರ. ಆಹಾ! ಐದನೆಯದು ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಅದರಲ್ಲಿರೋದು ಲಿನಕ್ಸ್, ಬೇರೆ ಆಪರೇಟಿಂಗ್ ಸಿಸ್ಟಮ್. ಮೊಂಡ ಪ್ರಾಣಿ. ಬಟ್ಟೆ ಮುಚ್ಚಿದೆ. ಇದನ್ನು ಸಾಗಹಾಕಿ ಅಂತ ರಿಪೇರಿಯವರಿಗೆ ಕಾಗದವನ್ನೂ ಬರೆದೆ.

ಮಾರ್ಚ್ 5

ಸರೋವರದ ಮೇಲೆ ಜಾಹೀರಾತು. ಒಂದು ಮುಚ್ಚಿದರೆ ಮೂರು. ಎಲ್ಲವೂ ಬೋಳುತಲೆಗೆ ಕೂದಲು ಬರಿಸೋ ಎಣ್ಣೆಯದೇ.

ಕಸ ಗುಡಿಸುವ ಅಕ್ಕ ನನ್ನ ತಲೆ ನೋಡಿದರು. "ಸರ್, ಅದು ನಿಮ್ಮನ್ನ ಹೇಗೆ ಗುರುತು ಹಿಡೀತು?"

ಆ ಆ್ಯಪಿನದೇ ಕೆಲಸ, ಗೊತ್ತು. ಮಾತು ಬದಲಿಸಿ ಪೇಪರು ಮಡಿಸತೊಡಗಿದೆ.

ಮಾರ್ಚ್ 7, ಶುಕ್ರವಾರ, ಸಂಜೆ 5.20

ಲೈಬ್ರರಿ ಸಹಾಯಕರ ಕೆಲಸಕ್ಕೆ ಅರ್ಜಿ ಹಾಕಲು ಇವತ್ತು ಐದು ಗಂಟೆಯೇ ಕಡೆ. ಅಕ್ಕ ಹಾಕಲು ಕೂತರು. ಎರಡು ವರ್ಷ ಇಲ್ಲೇ ಮೂಲೆಯಲ್ಲಿ ಓದಿ ಅದಕ್ಕೆ ಬೇಕಾದ ಪರೀಕ್ಷೆ ಪಾಸಾದವರು. ನಾಲ್ಕರಲ್ಲೂ ನೋಡಿದ್ದಾಯ್ತು... 'ಸಲ್ಲಿಸಿ' ಒತ್ತಿದರೆ ಎಣ್ಣೆ ಬಾಟಲಿ. ಅಕ್ಕನ ಮುಖ ಸಣ್ಣಗಾಯಿತು.

ಆಗ ಐದನೆಯದು ನೆನಪಾಯ್ತು. ತಿರುಗಿದರೆ — ರಿಪೇರಿಯವರು ಅದರ ವೈರು ಕಿತ್ತು ಸುತ್ತುತ್ತಿದ್ದಾರೆ! ಜೇಬಲ್ಲಿ ನನ್ನದೇ ಕಾಗದ.

"ಬೇಡ್ರೀ! ವಾಪಸ್ ಹಾಕಿ!" ಕೂಗಿದೆ. 'ಸದ್ದು ಮಾಡಬಾರದು' ಅಂತ ಬೋರ್ಡು ಬರೆದವನೂ ನಾನೇ.

4.40ಕ್ಕೆ ಐದನೆಯದು ಮತ್ತೆ ಶುರುವಾಯ್ತು. ಅಕ್ಕ ಅದರಲ್ಲಿ ಮೊದಲಿಂದ ತುಂಬಿದರು, ಒಂದೊಂದೇ ಅಕ್ಷರ ಒತ್ತಿ. 4.57 — ಅರ್ಜಿ ಹೋಯ್ತು! ಅಕ್ಕ ಅತ್ತೇಬಿಟ್ಟರು. ನಾನೂ ಅತ್ತೆ, ನಾಚಿಕೆಯೇನು.

ರಿಪೇರಿಯವರು ಅಂದರು, "ನಾಲ್ಕು ಮನೆಗೂ ಒಂದೇ ಥರ ಬೀಗ ಹಾಕಿದ್ರೆ ಕಳ್ಳನಿಗೆ ಒಂದೇ ಕೀಲಿ ಸಾಕು, ಸರ್. ಇದರ ಬೀಗ ಬೇರೆ. ಹಾಗಂತ ಇದಕ್ಕೆ ಕಳ್ಳರೇ ಇಲ್ಲ ಅಂತಲ್ಲ... ಅದ್ಸರಿ, ಆ ನಾಲ್ಕರ ಬಾಗಿಲು ತೆಗೆದು ಕಳ್ಳನನ್ನ ಕರೆದೋರು ಯಾರು?"

ಕೆಮ್ಮಿದೆ.

ಏಪ್ರಿಲ್ 21

ಅಕ್ಕನಿಗೆ ಕೆಲಸ ಸಿಕ್ತು! ಇವತ್ತಿಂದ ನನ್ನ ಪಕ್ಕದ ಮೇಜು. ಖುಷಿಗೆ ಎರಡು ಸಲ ಟೀ ತರಿಸಿದೆ. ಐದನೆಯದರ ಧೂಳು ನಾನೇ ಒರೆಸಿದೆ.

ಅಕ್ಕನ ಮೊದಲ ಕೆಲಸ — ಅವತ್ತು ನಾಲ್ಕು ಕಂಪ್ಯೂಟರ್ ಕೆಟ್ಟಿದ್ದರ ವರದಿ. ಮೇಲಿನವರು ಈಗ ಕೇಳಿದ್ದಾರೆ. ಎಲ್ಲ ಕಾಲಂ ತುಂಬಿ ಪೆನ್ನು ಎತ್ತಿ ಕೂತರು.

"ಸರ್, 'ಕಾರಣ' ಅಂತ ಇದೆ. ಏನು ಬರೀಲಿ? ಗೊತ್ತಿಲ್ಲ ಅಂತಲಾ?"

ಮುಖ ನೋಡಿದೆ. ನಗು ತಡೆದುಕೊಂಡಿದ್ದಾರೆ. ಗೊತ್ತು ಇವರಿಗೆ... ಮೊದಲಿಂದಲೂ.

"ಬರ್ಕೊಳ್ಳಿ ಅಕ್ಕ," ಅಂದೆ. "ಕಾರಣ: ಲೈಬ್ರರಿಯನ್ ಆದ ನಾನು, ಎಲ್ಲವೂ ಒಂದೇ ಥರ ಕಾಣಲಿ ಅಂತ—"