ಲಿವ್ ಹ್ರಸ್ವ, ಲೀವ್ ದೀರ್ಘ

ಮಂಗಳವಾರ, ಜೂನ್ ಒಂಬತ್ತು
ಬೆಳಗ್ಗೆ ಹನ್ನೊಂದು ಗಂಟೆ, ಮನೆಯಲ್ಲಿ

ಪ್ರೀತಿಯ ಟಕಟಕಳಿಗೆ,

ಮೇಲಿನ ಎರಡು ಸಾಲನ್ನು ಇನ್ನೊಮ್ಮೆ ಓದು. ಮಂಗಳವಾರ, ಹನ್ನೊಂದು ಗಂಟೆ, ಮನೆಯಲ್ಲಿ. ಹೌದು, ನಾನು ರಜೆ ಹಾಕಿದ್ದೇನೆ. ಜ್ವರ ಬಂದಿಲ್ಲ, ಕಾಲು ಮುರಿದಿಲ್ಲ. ನಿನ್ನೆ ಸಂಜೆ ಲೀವ್ ಲೆಟರ್ ಬರೆದು, ಕಾರಣ ಎಂಬಲ್ಲಿ ‘ಒಂದು ಕಾಗದ ಬರೆಯಬೇಕಾಗಿದೆ’ ಎಂದು ನಮೂದಿಸಿ, ರಜೆ ವಿಭಾಗದ ಮುಖ್ಯಸ್ಥನಾದ ನನಗೆ ನಾನೇ ಸಲ್ಲಿಸಿ, ನಾನೇ ಮಂಜೂರು ಮಾಡಿಕೊಂಡು ಬಂದೆ. ಪಕ್ಕದ ಮೇಜಿನ ಗುಮಾಸ್ತೆಗೆ ರಿಜಿಸ್ಟರಿನಲ್ಲಿ ನನ್ನ ಹಾಳೆ ಹುಡುಕಲು ಕಾಲು ಗಂಟೆ ಹಿಡಿಯಿತು. ಬಳಸದೆ ಬಳಸದೆ ಅಕ್ಕಪಕ್ಕದ ಹಾಳೆಗಳಿಗೆ ಅಂಟಿಕೊಂಡುಬಿಟ್ಟಿತ್ತು.

ಟೈಪ್ ಮಾಡುವಾಗಲೂ ಟಕಟಕ, ಮಾತಾಡುವಾಗಲೂ ಟಕಟಕ ಎಂದು ನಿನಗೆ ಈ ಹೆಸರಿಟ್ಟವನು ನಾನೇ. ಒಂಬತ್ತು ವರ್ಷದಿಂದ ಬಾಯಲ್ಲಿ ಬಂದಿಲ್ಲ. ಈಗ ಬರೆಯುವಾಗ ಸ್ವಲ್ಪ ನಾಚಿಕೆಯಾಯಿತು.

ಹೋದ ವಾರ ನಿನ್ನ ಅಕ್ಕ ಫೋನ್ ಮಾಡಿದ್ದರು. ನೀನು ಹೋದ ಮೇಲೆ ಅವರು ನನ್ನೊಂದಿಗೆ ಮಾತಾಡಿದ್ದು ಇದೇ ಮೊದಲು, ಹಾಗಾಗಿ ಮೊದಲ ಹತ್ತು ನಿಮಿಷ ಇಷ್ಟು ವರ್ಷ ತಡೆದಿಟ್ಟುಕೊಂಡ ಬೈಗುಳಕ್ಕೆ ಹೋಯಿತು. ಆಮೇಲೆ ವಿಷಯಕ್ಕೆ ಬಂದರು. ನೀನಿರುವ ಮನೆಯನ್ನು ಮಾಲೀಕರು ಬಿಡಿಸಿಕೊಳ್ಳುತ್ತಿದ್ದಾರಂತೆ, ನೀನು ಬೇರೆ ಮನೆ ನೋಡುತ್ತಿದ್ದೀಯಂತೆ. ನೀವೇ ಒಂದು ಕಾಗದ ಬರೀರಿ, ಅವತ್ತು ಓದೋವಾಗ ತಪ್ಪಾಯ್ತು ಅಂತ ಒಂದು ಮಾತು ಹೇಳಿ, ಅಷ್ಟು ಸಾಕು ಅವಳಿಗೆ, ಬರ್ತಾಳೆ ಅಂದರು. ನನಗೂ ಬೇಕಾಗಿರುವುದು ಅಷ್ಟೇ. ನೀನು ಮನೆಗೆ ಬರಬೇಕು. ಈ ತಿಂಗಳ ಕೊನೆಗೆ ನಾನು ನಿವೃತ್ತನಾಗುತ್ತೇನೆ, ಸುತ್ತಿ ಬಳಸಿ ಹೇಳುವ ವಯಸ್ಸು ದಾಟಿದೆ.

ಆದರೂ ಸ್ವಲ್ಪ ಸುತ್ತಿ ಬಳಸಿಯೇ ಹೇಳುತ್ತೇನೆ. ಬೇಸರ ಮಾಡಿಕೊಳ್ಳಬೇಡ.

ನೀನು ನಮ್ಮ ನೀರು ಸರಬರಾಜು ಕಚೇರಿಗೆ ಬಂದದ್ದೇ ಲೀವ್ ವೇಕೆನ್ಸಿಯಲ್ಲಿ. ಇದ್ದ ಟೈಪಿಸ್ಟ್ ಹೆರಿಗೆ ರಜೆಗೆ ಹೋದರು, ಆ ಮೂರು ತಿಂಗಳ ಮಟ್ಟಿಗೆ ನೀನು. ಮೊದಲ ದಿನವೇ ಪಂಪ್‌ಹೌಸಿನ ಆಪರೇಟರನ ರಜೆ ಅರ್ಜಿ ಟೈಪ್ ಮಾಡಲು ನಿನಗೆ ಕೊಟ್ಟೆ. ಮೊದಲು ಕೆಲಸ ಕಲಿತ ಕಡೆ ಬರೀ ಕನ್ನಡ ಟೈಪಿಂಗ್ ಇದ್ದದ್ದರಿಂದ ನಿನ್ನ ಇಂಗ್ಲಿಷ್ ಕಿವಿಯಲ್ಲಿ ಕೇಳಿದ್ದಷ್ಟೇ. ‘ಗ್ರಾಂಟ್ ಮಿ ಟು ಡೇಸ್ ಲಿವ್’ ಎಂದು ನೀನು ಹೊಡೆದು ಕೊಟ್ಟೆ. ಸೂಪರಿಂಟೆಂಡೆಂಟರು ಎದ್ದು ನಿಂತು ಇಡೀ ವಿಭಾಗಕ್ಕೆ ಕೇಳುವಂತೆ ಓದಿ, ಪಾಪ ಎರಡೇ ಎರಡು ದಿನ ಬದುಕಬೇಕಂತೆ, ಕೊಟ್ಟುಬಿಡ್ರೀ, ನಮ್ಮ ಗಂಟೇನು ಹೋಗುತ್ತೆ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನೀನು ಅಳುತ್ತೀಯ ಅಂದುಕೊಂಡಿದ್ದೆ. ನೀನು ಸೀದಾ ನನ್ನ ಮೇಜಿನ ಹತ್ತಿರ ಬಂದು, ಎರಡಕ್ಕೂ ಸದ್ದು ಒಂದೇ ಅಲ್ವಾ ಸಾರ್, ಹೇಗೆ ಗೊತ್ತಾಗಬೇಕು ಎಂದು ಕೇಳಿದೆ.

ಒಂದು ಹ್ರಸ್ವ, ಒಂದು ದೀರ್ಘ ಅಂದೆ. ಬದುಕುವುದು ಹ್ರಸ್ವ, ಬಿಡುವುದು ದೀರ್ಘ, ಹಾಗೆ ನೆನಪಿಟ್ಟುಕೊಳ್ಳಿ ಅಂದೆ. ದೊಡ್ಡ ಮಾತಾಡಿದೆ ಎಂದು ಒಳಗೊಳಗೇ ಬೀಗಿದ್ದೆ ಕೂಡ. ನೀನು ಆ ತಪ್ಪನ್ನು ಮತ್ತೆ ಮಾಡಲಿಲ್ಲ, ಅಥವಾ ಮಾಡಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

ಆಮೇಲೆ ಊಟದ ಬಿಡುವಿನಲ್ಲಿ ಪಾಠ ಶುರುವಾಯಿತು. ಲೀವ್ ಅಂದರೆ ರಜೆ. ಲೀವ್ ಅಂದರೆ ಹೊರಡು. ಬಿಟ್ಟುಬಿಡು ಅನ್ನುವುದಕ್ಕೂ ಲೀವ್, ತಟ್ಟೆಯಲ್ಲಿ ಅನ್ನ ಮಿಕ್ಕರೆ ಅದಕ್ಕೂ ಅದೇ ಪದ, ದೊಡ್ಡವರ ಹತ್ತಿರ ಅಪ್ಪಣೆ ಪಡೆಯುವುದಕ್ಕೂ ಅದೇ, ಕೊನೆಗೊಂದು ಅಕ್ಷರ ಸೇರಿಸಿದರೆ ಮರದ ತುಂಬ ಎಲೆ. ನೀನು ಡಬ್ಬಿಯ ಮುಚ್ಚಳ ಹಾಕುತ್ತಾ, ಎಲ್ಲರ ರಜೆಗೂ ಇದೇ ಪದ ದುಡೀಬೇಕು, ಇದಕ್ಕೆ ಮಾತ್ರ ರಜೆ ಇಲ್ವಾ ಎಂದು ಕೇಳಿದೆ. ನಾನು ಇಂಗ್ಲಿಷಿನ ಬಡತನದ ಬಗ್ಗೆ ಭಾಷಣ ಬಿಗಿಯಲು ಹೊರಟರೆ, ನಮ್ಮ ‘ಬಿಡು’ ಏನು ಕಮ್ಮಿಯೇ ಎಂದು ನೀನೇ ಅಡ್ಡ ಬಂದೆ. ಗಿಡ ಹೂ ಬಿಡುತ್ತೆ, ಮಳೆ ಬಿಡುತ್ತೆ, ಅವಳು ಕೂದಲು ಬಿಡ್ತಾಳೆ, ಇವನು ರೈಲು ಬಿಡ್ತಾನೆ, ನನ್ನನ್ನ ಬಸ್ ಸ್ಟಾಪಿಗೆ ಬಿಡೋರು ಯಾರೂ ಇಲ್ಲ ಅಂದೆ. ಆ ಕೊನೆಯದು ಉದಾಹರಣೆಯಲ್ಲ ಎಂದು ತಿಳಿಯಲು ನನ್ನಂಥ ಪೆದ್ದನಿಗೆ ಒಂದು ವಾರ ಬೇಕಾಯಿತು.

ಆ ಮೂರು ತಿಂಗಳು ನೆನಪಿದೆಯೇ? ನನ್ನ ಟ್ರೇಯಲ್ಲಿ ಅಸಲಿ ಅರ್ಜಿಗಳ ನಡುವೆ ನಿನ್ನ ಚೀಟಿ ಇರುತ್ತಿತ್ತು. ಸಂಜೆ ಐದೂವರೆಯಿಂದ ಆರೂವರೆವರೆಗೆ ಕೆರೆ ದಂಡೆಯಲ್ಲಿ ನಡೆಯಲು ಅನುಮತಿ ಕೋರಿ, ತಮ್ಮ ವಿಧೇಯಳು. ನಾನು ಕೆಂಪು ಪೆನ್ಸಿಲಿನಲ್ಲಿ ‘ಮಂಜೂರು’ ಎಂದು ಬರೆದು ಔಟ್ ಟ್ರೇಗೆ ಹಾಕುತ್ತಿದ್ದೆ. ಒಮ್ಮೆ ಒಂದು ಚೀಟಿ ಸೂಪರಿಂಟೆಂಡೆಂಟರ ಕೈಗೆ ಸಿಕ್ಕಿ, ಅವರು ಓದಿ, ಕನ್ನಡಕ ಒರೆಸಿ, ಕೆಳಗೆ ತಮ್ಮ ಮೊಹರು ಒತ್ತಿ ಕಳಿಸಿದರು. ಆ ಮಹಾನುಭಾವರು ಈಗಿಲ್ಲ.

ನಿನ್ನ ಕೊನೆಯ ದಿನದ ಚೀಟಿ ಇಂಗ್ಲಿಷಿನಲ್ಲಿತ್ತು. ‘ಐ ಟೇಕ್ ಯುವರ್ ಲೀವ್.’ ಒಂದು ತಪ್ಪೂ ಇರಲಿಲ್ಲ. ನಾನು ಕೆಂಪು ಪೆನ್ಸಿಲ್ ಹಿಡಿದು ಜನ್ಮದಲ್ಲಿ ಮೊದಲ ಸಲ ‘ನಾಮಂಜೂರು’ ಎಂದು ಬರೆದೆ. ಮುಂದಿನ ತಿಂಗಳೇ ಮದುವೆಯಾಯಿತು. ಮದುವೆಗೆ ಎಷ್ಟು ದಿನ ರಜೆ ಹಾಕಿದಿರಿ ಎಂದು ಯಾರೋ ಕೇಳಿದಾಗ ನೀನು, ಎರಡೇ ದಿನ, ಬದುಕೋಕೆ ಅಷ್ಟು ಸಾಕಂತೆ ಇವರಿಗೆ ಅಂದಿದ್ದೆ. ತಮಾಷೆಗೇ ಅಂದಿದ್ದೆ. ಇಪ್ಪತ್ತೆರಡು ವರ್ಷ ಕಳೆಯುವಷ್ಟರಲ್ಲಿ ಅದು ತಮಾಷೆಯಾಗಿ ಉಳಿಯಲಿಲ್ಲ.

ನಿನ್ನ ಪಿತ್ತಕೋಶದ ಆಪರೇಷನ್ ದಿನದ ಬಗ್ಗೆ ನಾವು ಮಾತಾಡಲೇ ಇಲ್ಲ. ಅಂದು ಬೆಳಗ್ಗೆ ಒಂಬತ್ತಕ್ಕೆ ನಿನ್ನನ್ನು ಒಳಗೆ ಕರೆದುಕೊಂಡು ಹೋದರು, ಜೊತೆಗಿದ್ದವರು ಅಕ್ಕ. ನಾನು ಹತ್ತಕ್ಕೆ ಕಚೇರಿಯಲ್ಲಿದ್ದೆ. ತಪಾಸಣೆಯವರು ಬರುತ್ತಾರೆ ಎಂದು ನಿನಗೆ ಹೇಳಿದ್ದೆ. ಅವರು ಬಂದದ್ದು ಮರುವಾರ. ಅದೇ ದಿನ ನಮ್ಮ ಡ್ರೈವರನ ಹೆಂಡತಿಗೆ ಹಲ್ಲು ಕೀಳಿಸಬೇಕೆಂದು ಅವನಿಗೆ ರಜೆ ಮಂಜೂರು ಮಾಡಿದೆ. ನನಗೆ ಭಯವಾಗಿತ್ತು ಕಣೇ. ಆ ಉದ್ದನೆಯ ಬೆಂಚಿನ ಮೇಲೆ ಸುಮ್ಮನೆ ಕೂತು, ಬಾಗಿಲು ತೆರೆಯುವುದನ್ನು ಕಾಯಲು ನನ್ನಿಂದ ಆಗುತ್ತಿರಲಿಲ್ಲ. ನನ್ನ ಕುರ್ಚಿಯಲ್ಲಿ ಕೂತರೆ ಮುಂದಿನ ಹಾಳೆಗೆ ಏನು ಮಾಡಬೇಕೆಂದು ಗೊತ್ತಿರುತ್ತದೆ. ಇದನ್ನು ಆಗಲೇ ನಿನಗೆ ಹೇಳಬೇಕಿತ್ತು. ಬದಲಿಗೆ ಸಂಜೆ ಹಣ್ಣು ತಂದು, ಹವಾಮಾನದ ಬಗ್ಗೆ ಮಾತಾಡಿ, ಏಳಕ್ಕೆ ಎದ್ದು ಹೋಗುತ್ತಿದ್ದೆ. ನೀನು ಆಸ್ಪತ್ರೆಯಿಂದ ಅಕ್ಕನ ಮನೆಗೆ ಹೋದೆ. ಮಾತು ಬಿಟ್ಟೆ. ಹೋಗಬಾರದಿತ್ತು ಎಂದು ಹೇಳುವ ಯಾವ ಹಕ್ಕೂ ನನಗಿರಲಿಲ್ಲ.

ಹನ್ನೊಂದನೆಯ ದಿನ ಟ್ರೇಯಲ್ಲಿ ನಿನ್ನ ಚೀಟಿ ಇತ್ತು. ಎಷ್ಟೋ ವರ್ಷಗಳ ಮೇಲೆ ಮತ್ತೆ ಹಳೆಯ ಆಟದ ಚೀಟಿ. ‘ಸರ್, ಐ ವಾಂಟ್ ಟು ಲಿವ್ ಹೋಮ್ ಫ್ರಮ್ ಟುಡೇ. ಕೈಂಡ್ಲಿ ಗ್ರಾಂಟ್.’ ಇಂದಿನಿಂದ ಮನೆಯಲ್ಲಿರಲು ಬಯಸುತ್ತೇನೆ. ಈಗ ಓದಿದರೆ ಬೇರೆ ಅರ್ಥವೇ ಹೊಳೆಯುವುದಿಲ್ಲ. ಆದರೆ ನಡುವೆ ‘ಅಟ್’ ಇರಲಿಲ್ಲ ನೋಡು. ಹಾಗಾಗಿ ಹಳೆಯ ತಪ್ಪೇ ಮತ್ತೆ ನುಸುಳಿದೆ, ಇವಳು ಮನೆ ಬಿಡುತ್ತೇನೆ ಎನ್ನುತ್ತಿದ್ದಾಳೆ ಎಂದು ಓದಿಕೊಂಡೆ. ಮೂವತ್ತು ವರ್ಷ ತಿದ್ದಿದ ಕೈ. ಹ್ರಸ್ವವನ್ನು ಹೊಡೆದುಹಾಕಿ ದೀರ್ಘ ಬರೆದೆ. ಕೆಳಗೆ ‘ಮಂಜೂರು’ ಎಂದು ಬರೆದು ಔಟ್ ಟ್ರೇಯಲ್ಲಿಟ್ಟು ಮ್ಯಾನೇಜರ ಕೋಣೆಗೆ ಹೋದೆ. ತಿರುಗಿ ಬಂದಾಗ ಚೀಟಿ ಪೇಪರ್‌ವೇಟಿನ ಕೆಳಗಿತ್ತು. ನೀನು ಬಂದು ಓದಿ ಹೋಗಿದ್ದೆ. ಮರುತಿಂಗಳು ನಾನು ಬೇರೆ ಶಾಖೆಗೆ ವರ್ಗ ಮಾಡಿಸಿಕೊಂಡೆ.

ಅಷ್ಟೇ ನಡೆದದ್ದು. ನೀನು ಬಂದು ಕೇಳಲಿಲ್ಲ, ನಾನು ಬಂದು ಹೇಳಲಿಲ್ಲ. ಅಕ್ಕ ಹೇಳಿದರು, ನೀನು ಇಂದಿಗೂ ‘ನನ್ನ ದರಿದ್ರ ಇಂಗ್ಲಿಷೇ ನನ್ನ ಸಂಸಾರ ಮುಗಿಸಿತು, ಕನ್ನಡದಲ್ಲೇ ಬರೆದಿದ್ದರೆ ಆಗ್ತಿತ್ತು’ ಅನ್ನುತ್ತೀಯಂತೆ. ಅದಕ್ಕೇ ಟೈಪಿಂಗ್ ಪಾಠ ಹೇಳಿಕೊಡಲು ಕರೆದರೂ ಹೋಗಲಿಲ್ಲವಂತೆ. ಇದರಲ್ಲಿ ನಿನ್ನ ತಪ್ಪಿಲ್ಲ, ನನ್ನದೂ ಇಲ್ಲ, ಒಂದು ಅಕ್ಷರದ ತಪ್ಪು ಎಂದುಕೊಂಡು ಇಬ್ಬರೂ ಬಿಟ್ಟುಬಿಡೋಣ.

ಮನೆ ಹಾಗೆಯೇ ಇದೆ. ನಿನ್ನ ಬೀರುವಿನ ಬಾಗಿಲು ಈಗಲೂ ಎತ್ತಿ ಎಳೆದರೆ ಮಾತ್ರ ತೆರೆಯುತ್ತದೆ. ಅಡುಗೆಮನೆಯ ಕಿಟಕಿಗೆ ಬೆಳಕು ಕಮ್ಮಿ ಎನ್ನುತ್ತಿದ್ದೆಯಲ್ಲ, ಎದುರಿನ ಗೋಡೆ ಬಿದ್ದು ಈಗ ಮಧ್ಯಾಹ್ನದವರೆಗೂ ಬಿಸಿಲು. ನಿನ್ನ ಜೊತೆ ಜಗಳವಾಡದೆ ನಾನು ಒಳ್ಳೆಯವನಾಗಿಬಿಟ್ಟಿದ್ದೇನೆ, ಯಾರಿಗೂ ನನ್ನನ್ನು ಕಂಡರೆ ಬೇಸರವಿಲ್ಲ. ನನಗೇ ಬೇಸರ.

ಭಾನುವಾರ ಹತ್ತು ಗಂಟೆಗೆ ನಿನ್ನ ಮನೆಯ ಮುಂದೆ ಟೆಂಪೋ ತರಲೇ? ಬೇಡವೆಂದರೆ ಅಕ್ಕನ ಕೈಲಿ ಹೇಳಿ ಕಳಿಸು. ಬರಲಿ ಎಂದರೆ ಏನೂ ಹೇಳಬೇಡ.

ಇಂತು,
ನೀನು ಎಂದೂ ಹೆಸರು ಹಿಡಿದು ಕರೆಯದ,
ನಿನ್ನ ‘ರೀ’

ಮರೆತ ಮಾತು: ಮರೆತದ್ದಲ್ಲ. ಕಾಗದ ಮಡಚಿ ಕವರಿಗೆ ಹಾಕಿ, ಅಂಟು ಹಚ್ಚುವ ಮುಂಚೆ ಮತ್ತೆ ತೆಗೆದೆ.

ನಾನು ಮ್ಯಾನೇಜರ ಕೋಣೆಗೆ ಹೋಗಿರಲಿಲ್ಲ. ರೆಕಾರ್ಡ್ ರೂಮಿನಲ್ಲಿ, ಕಿಟಕಿಯ ಪಕ್ಕದ ರ‍್ಯಾಕಿನ ಹಿಂದೆ ನಿಂತಿದ್ದೆ. ನೀನು ಕೆಳಗೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಇದ್ದೆ. ಆಸ್ಪತ್ರೆಗೆ ಒಯ್ದಿದ್ದ ಹಸಿರು ಸೂಟ್‌ಕೇಸ್ ನಿನ್ನ ಕಾಲಬಳಿ ಇತ್ತು. ಮನೆ ಬಿಡುವವರು ಸೂಟ್‌ಕೇಸ್ ಹಿಡಿದು ಗಂಡನ ಕಚೇರಿಗೆ ಬರುವುದಿಲ್ಲ. ಆಪರೇಷನ್ ಆಗಿ ತಿಂಗಳಾಗಿರಲಿಲ್ಲ, ನೀನು ಅದನ್ನು ಎತ್ತಬಾರದಿತ್ತು, ಅದೂ ನನ್ನ ತಲೆಗೆ ಬಂತು. ಚೀಟಿ ತಿದ್ದುವ ಮುಂಚೆಯೇ ನನ್ನ ಮೇಜಿನ ಪಕ್ಕದ ಕಿಟಕಿಯಿಂದ ಇದನ್ನೆಲ್ಲ ನೋಡಿದ್ದೆ, ನೋಡಿಯೇ ತಿದ್ದಿದೆ. ಹನ್ನೊಂದು ದಿನ ಮಾತು ಬಿಟ್ಟವಳು ನನ್ನ ಮುಂದೆ ಬಂದು ನಿಂತು ಕೇಳಲಿ, ಟಕಟಕ ಎಂದು ಜಗಳವಾಡಲಿ, ಆಮೇಲೆ ಒಟ್ಟಿಗೆ ಮನೆಗೆ ಹೋಗೋಣ ಎಂಬ ಹಮ್ಮು. ನೀನು ಮೇಲೆ ಬಂದೆ, ಓದಿದೆ, ಇಳಿದು ಹೋದೆ. ನಾನು ರ‍್ಯಾಕಿನ ಹಿಂದಿನಿಂದ ಹೊರಗೆ ಬರಲಿಲ್ಲ.

ಅಕ್ಕ ಹೇಳಿಕೊಟ್ಟಷ್ಟೇ ಬರೆದಿದ್ದರೆ ಭಾನುವಾರ ನೀನು ಬರುತ್ತಿದ್ದೆ. ಬಂದು ಇನ್ನುಳಿದ ವರ್ಷವೆಲ್ಲ ನಿನ್ನ ಇಂಗ್ಲಿಷನ್ನು ಬೈದುಕೊಳ್ಳುತ್ತಿದ್ದೆ, ನಾನು ಎದುರು ಕೂತು ಹೂಂಗುಟ್ಟಬೇಕಿತ್ತು. ಅದು ನನ್ನಿಂದ ಆಗದು. ಇದನ್ನು ಓದಿ ಬೇಡವೆನ್ನುವುದಾದರೆ ಬೇಡವೆನ್ನು. ಆದರೆ ಟೈಪಿಂಗ್ ಪಾಠ ಹೇಳಿಕೊಡಲು ಹೋಗು. ಮೂವತ್ತು ವರ್ಷದಲ್ಲಿ ನೀನು ಆ ಪದವನ್ನು ತಪ್ಪು ಬರೆದದ್ದು ಒಂದೇ ಸಲ, ಅದೂ ಮೊದಲ ದಿನ. ಅವತ್ತು ಚೀಟಿಯಲ್ಲಿ ನಿನ್ನ ಸ್ಪೆಲಿಂಗ್ ಸರಿಯಾಗಿತ್ತು.