ಹಸಿರು ಬೂಷ್ಟಿನ ಮೇಲೆ ಸುರಿದದ್ದು

ಬ್ರೆಬೆಸ್
ಆಗಸ್ಟ್ 14

ರಸ್ತಿಯಾ, ನಿನಗೆ ಸಲಾಮು.

ನಿನ್ನ ಅಮ್ಮನ ಮಂಡಿನೋವು ಹೇಗಿದೆ? ಅವರನ್ನು ನೋಡಿಕೊಳ್ಳಲು ಹೋಗಿದ್ದೀಯ ಎಂದು ಊರಿಗೆಲ್ಲ ಹೇಳಿದ್ದೇನೆ. ನಿಜ ಏನೆಂದು ನಮ್ಮಿಬ್ಬರಿಗೂ ಗೊತ್ತು. ನನಗಂತೂ ಸಾಕಾಗಿದೆ. ಹೊಲಕ್ಕೆ ಹೋಗಲೂ ಬೇಸರ, ಒಬ್ಬನಿಗೇ ಅನ್ನ ಬೇಯಿಸಿಕೊಳ್ಳಲೂ ಬೇಸರ.

ನೀನು ಬಿದಿರುಮೆಳೆಯ ಕೆಳಗೆ ಅರೆಬೆಂದ ಅನ್ನ ಹೂತಿಟ್ಟು, ಹಸಿರು ಬೂಷ್ಟು ಬರಿಸಿ, ಗೊಬ್ಬರಕ್ಕೆ ಬೆರೆಸಿ ಈರುಳ್ಳಿ ಮಡಿಗಳಿಗೆ ಹಾಕಿದೆ. ಬುಡ ಕೊಳೆಸುವ ಬೂಷ್ಟನ್ನು ಇದು ತಿಂದುಹಾಕುತ್ತದೆ ಎಂದೆ. ನಮ್ಮ ಬೆಳೆ ನೋಡಿ ತಾವೂ ಹಾಕುತ್ತೇವೆಂದು ಒಂಬತ್ತು ಹೆಂಗಸರು ಒಪ್ಪಿದ್ದರು. ನೀನು ನನ್ನಲ್ಲಿ ಕೇಳಿದ್ದು ಒಂದೇ. "ರೋಗ ಕಂಡ್ರೂ ಔಷಧಿ ಹೊಡೀಬೇಡಿ. ಹೊಡೆದ್ರೆ ನನ್ನ ಬೂಷ್ಟೂ ಸಾಯುತ್ತೆ."

ಆಮೇಲೆ ಎಲೆ ತಿರುಚಿತು, ಗಿಡ ಹಳದಿಯಾಯಿತು, ಹೆಂಗಸರು ಒಬ್ಬೊಬ್ಬರಾಗಿ ಜಾರಿಕೊಂಡರು. ಚಹಾದಂಗಡಿಯಲ್ಲಿ ಪಕ್ಕದ ಹೊಲದ ತಾರ್ಮಿದಿ, "ಏನ್ ಕಸ್ಮುರಿ, ನಿನ್ ಹೆಂಡ್ತಿ ಹೊಲಕ್ಕೆ ಹಳಸಲನ್ನ ಬಡಿಸಿದ್ಲಂತೆ? ಈರುಳ್ಳಿಗೆ ಹೊಟ್ಟೆ ಕೆಟ್ಟಿರ್ಬೇಕು" ಎಂದ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಇತ್ತ ನೀನು, "ನನ್ನ ಕೈಗುಣವೇ ಸರಿಯಿಲ್ಲ" ಎಂದು ಉಳಿದ ಬೂಷ್ಟನ್ನೆಲ್ಲ ಕಾಲುವೆಗೆ ಎಸೆದು ಬಸ್ಸು ಹತ್ತಿದೆ.

ನಿನ್ನ ಕೈಗುಣಕ್ಕೆ ಏನೂ ಆಗಿಲ್ಲ, ರಸ್ತಿಯಾ. ಇದಕ್ಕೆಲ್ಲ ಮೊದಲು, ನೀನು ಸಂತೆಗೆ ಹೋಗಿದ್ದ ಒಂದು ಬೆಳಿಗ್ಗೆ ನಾಲ್ಕೇ ನಾಲ್ಕು ತಿರುಚಿದ ಎಲೆ ಕಂಡೆ. ಇಪ್ಪತ್ತೆಂಟು ವರ್ಷ ಔಷಧಿಯ ಪಂಪು ಹೊತ್ತ ಬೆನ್ನು ಇದು. ಹುಟ್ಟುಗುಣ ಸುಟ್ಟರೂ ಹೋಗದು. ಎರಡು ಬಗೆಯ ಔಷಧಿ ಬೆರೆಸಿ ಒಂದೊಂದು ಬುಡಕ್ಕೂ ಸುರಿದೆ. ಕಾಲುವೆ ಕಡೆಯ ಕೊನೆಯ ಮಡಿಗೆ ಬರುವಷ್ಟರಲ್ಲಿ ಪಂಪು ಖಾಲಿಯಾಯಿತು, ನೀನೂ ಸಂತೆಯಿಂದ ಬಂದೆ. ನಾನು ಏನೂ ಆಗದವನಂತೆ ಕಳೆ ಕೀಳುತ್ತ ಕೂತೆ.

ನಿನ್ನೆ ಈರುಳ್ಳಿ ಕಿತ್ತೆ. ಔಷಧಿ ಬೀಳದ ಆ ಒಂದು ಮಡಿಯಲ್ಲಿ ಮಾತ್ರ ಗಡ್ಡೆ ಗಟ್ಟಿಯಾಗಿ, ಕೆಂಪಗೆ ಬಂದಿದೆ. ಉಳಿದದ್ದೆಲ್ಲ ಕೈಗೆತ್ತಿಕೊಂಡರೆ ಕಿವುಚಿಹೋಗುತ್ತದೆ. ನನ್ನ ಔಷಧಿಗೆ ಸತ್ತದ್ದು ನಿನ್ನ ಬೂಷ್ಟು, ರೋಗವಲ್ಲ. ಬದುವಿನ ಮೇಲೆ ಕೂತು ಅತ್ತುಬಿಟ್ಟೆ.

ಬಾ ಎನ್ನಲು ನನಗೆ ಮುಖವಿಲ್ಲ. ಆದರೂ ಬಾ.

ನಿನ್ನ
ಕಸ್ಮುರಿ

ತಾ.ಕ.: ಆ ಒಂಬತ್ತು ಹೆಂಗಸರಿಗೆ ನಾನಿನ್ನೂ ಇದನ್ನು ಹೇಳಿಲ್ಲ. ಹೇಳಬೇಕೆಂದೇ ಎರಡು ಸಲ ಹೋಗಿ, ಅವರು ಕೊಟ್ಟ ಚಹಾ ಕುಡಿದು ಬಂದೆ. ನೀನು ಬಂದು ಈ ಕಾಗದವನ್ನು ಅವರ ಮುಂದೆ ಗಟ್ಟಿಯಾಗಿ ಓದು. ನಾನು ಪಕ್ಕದಲ್ಲೇ ನಿಂತಿರುತ್ತೇನೆ.